ಮಂದ್ರದ ದನಿಗೊಂದು ಅಂಗೈಯಗಲದ ಪೆಟ್ಟಿಗೆ

ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರನ್ನು ನೀವು ಹಕ್ಕಿಗಳ ಕಾರಣಕ್ಕೆ ಕೇಳಿರುತ್ತೀರಿ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರಿನ ಹೆಜ್ಜಾರ್ಲೆಗಳ ಕಡೆಗೆ ಹೊರಗಿನವರ ಗಮನ ಸೆಳೆದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿಗೆ ಹೋದಾಗ ಕ್ಯಾಮೆರಾವನ್ನು ಸ್ವಲ್ಪ ಹೊತ್ತು ಕೆಳಗಿಟ್ಟು ಕಿವಿಗೊಟ್ಟು ಕೇಳಿ. ಬೆಳೆದ ಬಣ್ಣದ ಕೊಕ್ಕರೆಗೆ ಕೊರಳ ದನಿ ಇಲ್ಲವೆಂದೇ ಹೇಳಬೇಕು. ಅದು ಕೊಕ್ಕುಗಳನ್ನು ಪಟಪಟನೆ ಬಡಿಯುತ್ತದೆ, ಅಷ್ಟೆ. ಅದೇ ಊರಿನ ಸೀಮೆಯಲ್ಲಿ ಹಬ್ಬದ ರಾತ್ರಿ ತಮಟೆ, ನಗಾರಿ ಬಾರಿಸಿದರೆ ಆಚೆ ಊರಿಗೆ ಮೊದಲು ತಲುಪುವುದು ನಗಾರಿಯ ಗುಡುಗು. ತಗ್ಗಿದ ಕಂಪನಗಳು ಗೋಡೆ ಮರಗಳನ್ನು ದಾಟಿ ದೂರ ಸಾಗುತ್ತವೆ, ಕೊಕ್ಕಿನ ಪಟಪಟ ಹತ್ತಿರದಲ್ಲೇ ಉಳಿಯುತ್ತದೆ.

ಹಾಗಿದ್ದ ಮೇಲೆ ಒಂದು ಪ್ರಶ್ನೆ ಏಳಬೇಕು. ಗಣೇಶೋತ್ಸವದ ಶಾಮಿಯಾನದಲ್ಲಿ ಆರ್ಕೆಸ್ಟ್ರಾ ನಡೆಯುವಾಗ ಎಲ್ಲಕ್ಕಿಂತ ತಗ್ಗಿನ ಸ್ವರ ನುಡಿಸುವ ಬೇಸ್ ಗಿಟಾರ್ ಏಕೆ ಕೇಳಿಸುವುದೇ ಇಲ್ಲ? ಕೀಬೋರ್ಡ್ ಕೇಳುತ್ತದೆ, ರಿದಂ ಪ್ಯಾಡ್ ಕೇಳುತ್ತದೆ, ಗಾಯಕರಂತೂ ಕೇಳಿಯೇ ಕೇಳುತ್ತಾರೆ. ಬೇಸ್ ನುಡಿಸುವ ಹುಡುಗನ ಬೆರಳು ಆಡುತ್ತಿರುವುದು ಕಾಣುತ್ತದೆ, ಸ್ವರ ಮಾತ್ರ ಬರುವುದಿಲ್ಲ. ಬಂದರೂ ಬರೀ ಗುಂಯ್‌ಗುಡುವ ಸದ್ದು. ಈ ತೊಂದರೆಗೆ ಪರಿಹಾರವಾಗಿ ಬಂದದ್ದೇ ಪ್ರಿಆಂಪ್ ಎಂಬ ಸಣ್ಣ ಪೆಟ್ಟಿಗೆ. ನಿಮ್ಮಲ್ಲಿ ಕೆಲವರು ಕಾಲೇಜಿನ ತಂಡಗಳಲ್ಲಿ ನುಡಿಸುತ್ತಿದ್ದೀರಿ, ಕೂಡಿಟ್ಟ ಹಣದಲ್ಲಿ ಇಂಥದೊಂದನ್ನು ಕೊಳ್ಳಲು ಹೊರಟಿದ್ದೀರಿ. ಕೊಳ್ಳುವ ಮುನ್ನ ಅದು ಹುಟ್ಟಿದ ಬಗೆಯನ್ನು ತಿಳಿದುಕೊಂಡರೆ ಅಂಗಡಿಯವರ ಮಾತಿಗೆ ಮರುಳಾಗುವ ಸಂಭವ ಕಡಿಮೆ.

ಕತೆಯನ್ನು ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರದಿಂದಲೇ ಆರಂಭಿಸೋಣ. ಅಲ್ಲಿಯ ಮಂಟೇಸ್ವಾಮಿ ಪರಂಪರೆಯ ನೀಲಗಾರರು ಹಾಡುವಾಗ ಹೆಗಲ ಮೇಲೆ ತಂಬೂರಿ ಇರುತ್ತದೆ. ಒಂದು ತಂತಿಯನ್ನು ಎರಡು ಗೂಟಗಳ ನಡುವೆ ಬಿಗಿದು ಮೀಟಿ ನೋಡಿ. ಸದ್ದು ಇಲ್ಲವೆಂಬಷ್ಟು ಕಡಿಮೆ. ತಂತಿ ತೆಳ್ಳಗಿದೆ, ಅದು ಗಾಳಿಯನ್ನು ಕೊಯ್ದುಕೊಂಡು ಹೋಗುತ್ತದೆಯೇ ಹೊರತು ತಳ್ಳುವುದಿಲ್ಲ. ಅದೇ ತಂತಿಯನ್ನು ತಂಬೂರಿಯ ಬುರುಡೆಗೋ ಮರದ ಹೊಟ್ಟೆಗೋ ಸೇರಿಸಿದರೆ ಊರೆಲ್ಲ ಕೇಳುತ್ತದೆ. ಬುರುಡೆ ಹೊಸ ಶಕ್ತಿಯನ್ನೇನೂ ಉತ್ಪಾದಿಸುವುದಿಲ್ಲ ಎಂಬುದನ್ನು ಗಮನಿಸಿ. ತಂತಿಯಲ್ಲಿದ್ದ ಶಕ್ತಿಯನ್ನೇ ಅದು ಗಾಳಿಗೆ ದಾಟಿಸುತ್ತದೆ. ಕೊಡುವವನಿಗೂ ಪಡೆಯುವವನಿಗೂ ಹೊಂದಾಣಿಕೆ ಇಲ್ಲದಿದ್ದಾಗ ನಡುವೆ ನಿಂತು ಹೊಂದಿಸುವ ಮಧ್ಯವರ್ತಿ ಅದು. ಪ್ರಿಆಂಪಿನ ಮುಖ್ಯ ಕೆಲಸವೂ ಇದೇ. ಅದನ್ನು ಬರಿಯ ಸದ್ದು ಹೆಚ್ಚಿಸುವ ಯಂತ್ರವೆಂದು ತಿಳಿಯುವವರೇ ಹೆಚ್ಚು.

ಅದೇ ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸಿದರು. ಅಲ್ಲಿಯೂ ಟ್ರಾನ್ಸ್‌ಫಾರ್ಮರ್ ಎಂಬ ಮಧ್ಯವರ್ತಿ ಬೇಕಾಯಿತು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದರು. ಮೈಕಿನಿಂದ ಹೊರಡುವುದು ವೋಲ್ಟಿನ ಸಾವಿರದಲ್ಲೊಂದೆರಡು ಪಾಲು. ಆ ಕಾಲದಲ್ಲಿ ಅದನ್ನು ಮುಂದಿನ ಯಂತ್ರಕ್ಕೆ ತಕ್ಕ ಮಟ್ಟಕ್ಕೆ ಏರಿಸುತ್ತಿದ್ದುದು ಗಾಜಿನ ವಾಲ್ವುಗಳು. ದೊಡ್ಡ ವರ್ಧಕಕ್ಕೆ ಮೊದಲು ಬರುವ ಚಿಕ್ಕ ವರ್ಧಕವಾದ್ದರಿಂದಲೇ ಪ್ರಿಆಂಪ್ ಎಂಬ ಹೆಸರು.

ಬೇಸ್ ಗಿಟಾರಿನ ಇತಿಹಾಸ ಇದಕ್ಕಿಂತ ಈಚಿನದು. ಪಾಶ್ಚಾತ್ಯ ವಾದ್ಯಮೇಳಗಳಲ್ಲಿ ಮಂದ್ರಕ್ಕೆ ಆಳೆತ್ತರದ ಡಬಲ್ ಬೇಸ್ ಇತ್ತು. ಅದನ್ನು ಹೊತ್ತೊಯ್ಯುವುದೇ ಕಷ್ಟ, ಕಹಳೆ ಡ್ರಮ್ಮುಗಳ ನಡುವೆ ಅದರ ದನಿ ಕೇಳುತ್ತಲೂ ಇರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ವಿದ್ಯುತ್ ಬೇಸ್ ತಯಾರಿಸಿದರೂ ಅದು ಬಳಕೆಗೆ ಹರಡಲಿಲ್ಲ. 1951ರಲ್ಲಿ ಲಿಯೋ ಫೆಂಡರ್ ಹೊರತಂದ 'ಪ್ರಿಸಿಷನ್ ಬೇಸ್' ಚಿತ್ರವನ್ನೇ ಬದಲಿಸಿತು. ಹೆಗಲಿಗೆ ನೇತುಹಾಕಿಕೊಳ್ಳಬಹುದಾದ ವಾದ್ಯ. ಮೆಟ್ಟಿಲುಗಳಿದ್ದುದರಿಂದ ಸ್ವರ ತಪ್ಪುವ ಭಯವಿಲ್ಲ, ಪ್ರಿಸಿಷನ್ ಎಂಬ ಹೆಸರು ಬಂದದ್ದೂ ಅದಕ್ಕೇ. ಫೆಂಡರರು ವಾದಕರಲ್ಲ, ರೇಡಿಯೋ ರಿಪೇರಿಯಿಂದ ಬಂದವರು. ವಿಜ್ಞಾನ ಓದಿದ ನನಗೆ ಈ ಸಂಗತಿ ಮೆಚ್ಚುಗೆಯಾಗುತ್ತದೆ.

ಈ ವಾದ್ಯದಲ್ಲಿ ಬುರುಡೆ ಇಲ್ಲ. ಇರುವುದು ಗಟ್ಟಿ ಮರದ ಹಲಗೆ, ತಂತಿಗಳ ಕೆಳಗೆ ಪಿಕಪ್. ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ, ನೀವು ಪಿಯುಸಿಯಲ್ಲಿ ಓದುವ ಪ್ರೇರಣೆಯ ನಿಯಮವೇ ಇದು. ತೊಂದರೆ ಮುಂದಿನದು. ಅಷ್ಟು ಉದ್ದದ ತೆಳು ತಂತಿಯ ರೋಧವೇ ಸುಮಾರು 10 ಸಾವಿರ ಓಮ್ ಇರುತ್ತದೆ. ಮಿಕ್ಸರಿನ ಮೈಕ್ ತೂತಿನ ರೋಧ ಸುಮಾರು 2 ಸಾವಿರ ಓಮ್. ಎರಡನ್ನೂ ನೇರ ಸೇರಿಸಿದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ. ಹುಟ್ಟಿದ ವೋಲ್ಟೇಜಿನ ಆರನೆಯ ಒಂದು ಪಾಲು ಮಾತ್ರ ಮಿಕ್ಸರಿಗೆ ದಕ್ಕುತ್ತದೆ, ಉಳಿದುದೆಲ್ಲ ಸುರುಳಿಯಲ್ಲೇ ಕಳೆದುಹೋಗುತ್ತದೆ. ಸುರುಳಿಯ ಗುಣದಿಂದಾಗಿ ಮೇಲಿನ ಕಂಪನಗಳು ಇನ್ನೂ ಹೆಚ್ಚು ಸಾಯುತ್ತವೆ. ಶಾಮಿಯಾನದಲ್ಲಿ ನಾವು ಕೇಳುವ ಮಂಕು ಸದ್ದಿಗೆ ಒಂದು ಕಾರಣ ಇಲ್ಲಿದೆ. ಪಿಕಪ್ಪಿಗೆ ಎದುರಾಗಬೇಕಾದದ್ದು 10 ಲಕ್ಷ ಓಮಿನಷ್ಟು ರೋಧವುಳ್ಳ ತೂತು.

ಇದಕ್ಕೆ ಮೊದಲ ಉಪಾಯ ಹೊಳೆದದ್ದು ಧ್ವನಿಮುದ್ರಣ ಕೊಠಡಿಗಳಲ್ಲಿ. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯಲ್ಲಿ 1960ರ ದಶಕದಲ್ಲಿ ಜೇಮ್ಸ್ ಜೇಮರ್ಸನ್ ಎಂಬ ಬೇಸ್ ವಾದಕನ ಗಿಟಾರನ್ನು ಸ್ಪೀಕರಿನ ಮುಂದೆ ಮೈಕ್ ಇಟ್ಟು ಮುದ್ರಿಸುವ ಬದಲು ಟ್ರಾನ್ಸ್‌ಫಾರ್ಮರ್ ಇದ್ದ ಸಣ್ಣ ಪೆಟ್ಟಿಗೆಯ ಮೂಲಕ ನೇರ ಮಿಕ್ಸರಿಗೆ ಕೊಟ್ಟರು. 'ಡೈರೆಕ್ಟ್ ಇಂಜೆಕ್ಷನ್', ಸೌಂಡಿನವರ ಬಾಯಲ್ಲಿ ಡಿ.ಐ. ಬಾಕ್ಸ್. ಅದರಿಂದ ಹೊರಡುವ ಕೇಬಲ್ಲಿನಲ್ಲಿ ಎರಡು ತಂತಿಗಳು ಒಂದೇ ಸಂಕೇತವನ್ನು ಪರಸ್ಪರ ವಿರುದ್ಧವಾಗಿ ಒಯ್ಯುತ್ತವೆ. ದಾರಿಯಲ್ಲಿ ಸೇರಿಕೊಂಡ ಗದ್ದಲ ಎರಡರಲ್ಲೂ ಒಂದೇ ರೀತಿ ಇರುವುದರಿಂದ ಕೊನೆಯಲ್ಲಿ ಕಳೆದಾಗ ಸೊನ್ನೆಯಾಗುತ್ತದೆ. ನಮ್ಮ ದೇಶದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ನಮ್ಮ ಮನೆಯ ವಿದ್ಯುತ್ತಿನ ಆವರ್ತಾಂಕ 50 ಹರ್ಟ್ಸ್. ಬೇಸ್ ಗಿಟಾರಿನ ದಪ್ಪ ತಂತಿಯ ಬಿಡಿಸ್ವರ 41.2 ಹರ್ಟ್ಸ್, ಅದರ ಮೂರನೆಯ ಮೆಟ್ಟಿಲಿನ ಸ್ವರ 49 ಹರ್ಟ್ಸ್. ಅಂದರೆ ವಿದ್ಯುತ್ತಿನ ಗುಂಗು ಬೇಸಿನ ಸ್ವರಗಳ ನಡುವೆಯೇ ಬಂದು ಕೂರುತ್ತದೆ! ಗಾಯಕರಿಗಾದರೆ ತಗ್ಗಿನ ಕಂಪನಗಳನ್ನು ಕತ್ತರಿಸಿ ಗುಂಗನ್ನು ಓಡಿಸಬಹುದು. ಬೇಸಿನಲ್ಲಿ ಹಾಗೆ ಕತ್ತರಿಸಿದರೆ ವಾದ್ಯವೇ ಹೊರಟುಹೋಗುತ್ತದೆ.

ಮುಂದಿನ ಹೆಜ್ಜೆ ಟ್ರಾನ್ಸಿಸ್ಟರಿನದು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಅದು 1960ರ ದಶಕದ ಹೊತ್ತಿಗೆ ನಮ್ಮ ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯಲ್ಲೂ ತಯಾರಾಗುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಆರಂಭವಾದ ಅಲೆಂಬಿಕ್ ಸಂಸ್ಥೆ ಬ್ಯಾಟರಿಯಿಂದ ನಡೆಯುವ ವರ್ಧಕವನ್ನು ಗಿಟಾರಿನ ಹೊಟ್ಟೆಯೊಳಗೇ ಕೂರಿಸಿತು. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸಂಸ್ಥೆಯ 'ಸ್ಟಿಂಗ್‌ರೇ' ಅದನ್ನು ಸಾಮಾನ್ಯ ವಾದಕನಿಗೂ ತಲುಪಿಸಿತು. ಇಂಥವುಗಳಿಗೆ 'ಆಕ್ಟಿವ್' ಎನ್ನುತ್ತಾರೆ, ಬ್ಯಾಟರಿ ಇಲ್ಲದವಕ್ಕೆ 'ಪ್ಯಾಸಿವ್'. ಇಂದು ನೀವು ಕಾಣುವ ಅನೇಕ ಪ್ರಿಆಂಪುಗಳ ಬೇಸ್, ಟ್ರೆಬಲ್ ಗುಂಡಿಗಳ ಹಿಂದಿನ ಮಂಡಲವನ್ನು ಇಂಗ್ಲೆಂಡಿನ ಪೀಟರ್ ಬ್ಯಾಕ್ಸಂಡಾಲ್ 1952ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಎಪ್ಪತ್ತು ವರ್ಷ ದಾಟಿದರೂ ಅದು ಹಳತಾಗಿಲ್ಲ.

ನಮ್ಮಲ್ಲಿ ಬೇಸ್ ಗಿಟಾರಿಗೆ ಕಿವಿ ತೆರೆಸಿದ್ದು ಸಿನಿಮಾ. ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' (1981), ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' (1983) ಇವೆರಡಕ್ಕೂ ಸಂಗೀತ ಇಳಯರಾಜ ಅವರದು. ಅವುಗಳ ಹಾಡುಗಳನ್ನು ನೀವು ನೂರು ಸಲ ಕೇಳಿರಬಹುದು. ನೂರೊಂದನೆಯ ಸಲ ಹೆಡ್‌ಫೋನ್ ಹಾಕಿಕೊಂಡು, ಗಾಯಕರನ್ನು ಬಿಟ್ಟು, ಕೆಳಗಿನ ತಂತಿಯ ಹಿಂದೆ ಹೋಗಿ. ಅಲ್ಲಿ ಬೇಸ್ ಬರಿಯ ತಾಳದ ಜೊತೆಗಾರನಲ್ಲ, ಇನ್ನೊಂದು ಹಾಡನ್ನೇ ಹಾಡುತ್ತಿರುತ್ತದೆ. ಈ ಹಾಡುಗಳನ್ನು ಶಾಮಿಯಾನದಲ್ಲಿ ನುಡಿಸುವಾಗ ಬೇಸ್ ಕಾಣೆಯಾದರೆ ಅರ್ಧ ಹಾಡು ಕಾಣೆಯಾದಂತೆಯೇ.

ಪೆಟ್ಟಿಗೆ ಚಿಕ್ಕದಾದದ್ದು ಹೇಗೆ ಎಂಬುದೂ ಕುತೂಹಲದ ವಿಷಯ. 1970ರ ದಶಕದ ಕೊನೆಯಲ್ಲಿ ಜಪಾನಿನ ಬಾಸ್ ಸಂಸ್ಥೆ ಕಾಲಿನಿಂದ ಒತ್ತುವ, ಒಂದೇ ಅಳತೆಯ ಪೆಡಲ್ ಪೆಟ್ಟಿಗೆಗಳನ್ನು ತಂದಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಇಲೆಕ್ಟ್ರಾನಿಕ್ ತಂಬೂರವನ್ನು ರೂಪಿಸಿದರು. ಆಳೆತ್ತರದ ತಂಬೂರವನ್ನು ಬಸ್ಸಿನಲ್ಲಿ ಕೊಂಡೊಯ್ಯುವ ಪಾಡು ತಪ್ಪಿತು. 1989ರಲ್ಲಿ ನ್ಯೂಯಾರ್ಕಿನ ಆಂಡ್ರ್ಯೂ ಬಾರ್ಟಾ 'ಸ್ಯಾನ್ಸ್‌ಆಂಪ್' ಎಂಬುದನ್ನು ತಂದರು. ವಾಲ್ವ್ ವರ್ಧಕ ಮತ್ತು ಅದರ ಸ್ಪೀಕರ್ ಪೆಟ್ಟಿಗೆ ದನಿಗೆ ಕೊಡುವ ಬಣ್ಣವನ್ನು ಪುಟ್ಟ ಮಂಡಲದಲ್ಲಿ ಅನುಕರಿಸುವ ಸಾಧನವದು. ಮುಂದಿನ ದಶಕದಲ್ಲಿ ಬಂದ ಅದರ ಬೇಸ್ ರೂಪದಲ್ಲಿ ಪ್ರಿಆಂಪ್, ಬಣ್ಣ, ಡಿ.ಐ. ಮೂರೂ ಒಂದೇ ಪೆಟ್ಟಿಗೆಯಲ್ಲಿ ಸೇರಿದವು. 2009ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಡಾರ್ಕ್‌ಗ್ಲಾಸ್ ಮುಂತಾದವರು ಅದೇ ದಾರಿಯಲ್ಲಿ ಮುಂದೆ ನಡೆದರು. ಅಲ್ಲಿಗೆ ಮಣಭಾರದ ಸ್ಪೀಕರ್ ಪೆಟ್ಟಿಗೆಯನ್ನು ಹೊರಬೇಕಾದ ಅಗತ್ಯ ಬಹುಮಟ್ಟಿಗೆ ತಪ್ಪಿತು.

ಇನ್ನು ಆಯ್ಕೆಯ ಮಾತು. ಮದ್ದೂರಿನಿಂದ ಬಸ್ಸಿನಲ್ಲಿ ಹೊರಟ ವಾದಕನ ಬೆನ್ನಿಗೆ ಗಿಟಾರ್, ಕೈಯಲ್ಲೊಂದು ಚೀಲ. ಆ ಚೀಲದಲ್ಲಿ ಹಿಡಿಸುವ ಹಲಗೆಯ ಮೇಲೆ ಎರಡೋ ಮೂರೋ ಪೆಡಲುಗಳಿಗೆ ಜಾಗ. ಹಾಗೆಂದು ಎಲ್ಲಕ್ಕಿಂತ ಚಿಕ್ಕದನ್ನು ಆರಿಸಬೇಡಿ ಎನ್ನುತ್ತೇನೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪೆಡಲುಗಳಲ್ಲಿ ಅನೇಕಕ್ಕೆ ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಡಿ.ಐ. ತೂತು ಇರುವುದಿಲ್ಲ, ಕೂರಿಸಲು ಜಾಗವೇ ಇಲ್ಲ. ಆಗ ಬೇರೆಯೇ ಡಿ.ಐ. ಬಾಕ್ಸ್ ಬೇಕಾಗಿ ಉಳಿಸಿದ ಜಾಗವೂ ಹಣವೂ ಅದಕ್ಕೇ ಹೋಗುತ್ತದೆ. ಒಂದು ಗೇಣುದ್ದದೊಳಗಿನ, ಡಿ.ಐ. ಇರುವ ಪೆಟ್ಟಿಗೆಯೇ ನನ್ನ ದೃಷ್ಟಿಯಲ್ಲಿ ಮೇಲು. ಜೊತೆಗೆ 'ಗ್ರೌಂಡ್ ಲಿಫ್ಟ್' ಎಂಬ ಸ್ವಿಚ್ ಇದೆಯೇ ನೋಡಿ. ಮಿಕ್ಸರೂ ಪೆಡಲೂ ಬೇರೆ ಬೇರೆ ಕಡೆಯಿಂದ ವಿದ್ಯುತ್ ಪಡೆದಾಗ ಏಳುವ 50 ಹರ್ಟ್ಸಿನ ಗುಂಗು ಹಲವು ಸಲ ಆ ಒಂದು ಸ್ವಿಚ್ಚಿನಿಂದಲೇ ನಿಲ್ಲುತ್ತದೆ.

ಎರಡನೆಯದಾಗಿ, ಮಿಡ್ ಎಂಬ ಗುಂಡಿ. ಬೇಸ್ ವಾದಕರು ಕೊಳ್ಳುವಾಗ ಬೇಸ್ ಗುಂಡಿಯನ್ನೇ ತಿರುಗಿಸಿ ನೋಡುತ್ತಾರೆ, ಅಂಗಡಿಯ ದೊಡ್ಡ ಸ್ಪೀಕರಿನಲ್ಲಿ ಎದೆ ನಡುಗಿದರೆ ಸಂತೋಷಪಡುತ್ತಾರೆ. ಊರ ಕಡೆ ಇನ್ನೂ ಮರಕ್ಕೆ ಕಟ್ಟುವ ಹಾರನ್ ಸ್ಪೀಕರುಗಳಿವೆ. ಅವು ಕೆಲವು ನೂರು ಹರ್ಟ್ಸಿಗಿಂತ ಕೆಳಗಿನದನ್ನು ಹೊರಡಿಸಲಾರವು. 41 ಹರ್ಟ್ಸಿನ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು, ಒಂದೂವರೆ ಅಡಿಯ ಹಾರನ್ನಿನಿಂದ ಅದನ್ನು ಬಯಸುವುದೇ ತಪ್ಪು. ಆದರೆ ನಮ್ಮ ಕಿವಿ ವಿಚಿತ್ರವಾದದ್ದು. ಮೂಲ ಸ್ವರ ಇಲ್ಲದಿದ್ದರೂ ಅದರ ಎರಡು, ಮೂರು, ನಾಲ್ಕರಷ್ಟು ಮತ್ತು ಅದಕ್ಕೂ ಮೇಲಿನ ಉಪಸ್ವರಗಳು ಕೇಳಿದರೆ ಮಿದುಳು ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ. 250ರಿಂದ 800 ಹರ್ಟ್ಸ್ ನಡುವಿನ ಭಾಗವನ್ನು ಎತ್ತುವ ಮಿಡ್ ಗುಂಡಿ, ಉಪಸ್ವರಗಳನ್ನು ಹುಟ್ಟಿಸುವ ಅಲ್ಪ ಪ್ರಮಾಣದ ಡ್ರೈವ್, ಇವೆರಡೂ ಇದ್ದರೆ ಹಾರನ್ನಿನಲ್ಲಿಯೂ ಬೇಸಿನ ಸ್ವರ ಗುರುತು ಸಿಗುತ್ತದೆ. ಸದ್ದನ್ನು ಏರಿಸದೆಯೇ ಇದು ಸಾಧ್ಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಗಳಿಗೆ ನಿರ್ಬಂಧವಿದೆ. ಅದು ಹಾಗಿರಲಿ, ಮನೆಯ ಹಿತ್ತಲ ಮರದಲ್ಲೇ ಹೆಜ್ಜಾರ್ಲೆ ಮರಿ ಮಾಡಿರುವ ಊರಿನಲ್ಲಿ ಬರಿಯ ಸದ್ದು ಏರಿಸುವುದನ್ನು ಯಾರು ಮೆಚ್ಚುತ್ತಾರೆ?

ನಿಮ್ಮ ಗಿಟಾರ್ ಆಕ್ಟಿವ್ ಆಗಿದ್ದರೆ ಅದರ ಸಂಕೇತ ಮೊದಲೇ ಬಲವಾಗಿರುತ್ತದೆ. ಅದನ್ನು ತಗ್ಗಿಸಿಕೊಳ್ಳುವ 'ಪ್ಯಾಡ್' ಸ್ವಿಚ್ ಪೆಡಲಿನಲ್ಲಿ ಇರಬೇಕು, ಇಲ್ಲವಾದರೆ ದನಿ ಒಡೆಯುತ್ತದೆ. ತಂಬೂರಿಗೋ ಏಕತಾರಿಗೋ ಪೀಜೋ ಬಿಲ್ಲೆ ಅಂಟಿಸಿ ಇದೇ ಪೆಟ್ಟಿಗೆಗೆ ಕೊಡಬೇಕೆಂದಿದ್ದರೆ ಒಳಬರುವ ರೋಧವನ್ನು ಕೈಪಿಡಿಯಲ್ಲಿ ಓದಿ. ಪೀಜೋ ಬಿಲ್ಲೆ ಕೆಪಾಸಿಟರಿನಂತೆ ವರ್ತಿಸುತ್ತದೆ. 20 ನ್ಯಾನೊಫ್ಯಾರಡಿನ ಬಿಲ್ಲೆಯನ್ನು 10 ಸಾವಿರ ಓಮಿನ ತೂತಿಗೆ ಕೊಟ್ಟರೆ ಸುಮಾರು 800 ಹರ್ಟ್ಸಿನ ಕೆಳಗಿನದೆಲ್ಲ ಸೊರಗುತ್ತದೆ, 10 ಲಕ್ಷ ಓಮಿಗೆ ಕೊಟ್ಟರೆ ಆ ಗಡಿ 8 ಹರ್ಟ್ಸಿಗೆ ಇಳಿಯುತ್ತದೆ. ಪಿಕಪ್ಪಿನಲ್ಲಿ ಮೇಲಿನದು ಸತ್ತರೆ ಇಲ್ಲಿ ಕೆಳಗಿನದೇ ಸಾಯುತ್ತದೆ. ಜಾನಪದ ಮೇಳಗಳನ್ನು ಚಿತ್ರೀಕರಿಸುವಾಗ ಗಗ್ಗರ ಡಿಕ್ಕಿಗಳ ನಡುವೆ ತಂಬೂರಿಯ ಶ್ರುತಿ ಮುಳುಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಇಷ್ಟು ಚಿಕ್ಕ ಏರ್ಪಾಡು ಅಲ್ಲಿ ದೊಡ್ಡ ಉಪಕಾರ ಮಾಡಬಲ್ಲುದು.

ವಿದ್ಯುತ್ ಪೂರೈಕೆಯ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಜನರೇಟರಿನ ಮೇಲೆ ನಡೆಯುವ ಕಾರ್ಯಕ್ರಮಗಳಲ್ಲಿ 9 ವೋಲ್ಟಿನ ಬ್ಯಾಟರಿಯಿಂದಲೂ ನಡೆಯುವ ಪೆಡಲ್ ಆಪತ್ತಿಗೆ ಒದಗುತ್ತದೆ. ಕೆಲವು ಪೆಡಲುಗಳು ಮಿಕ್ಸರಿನಿಂದ ಬರುವ 48 ವೋಲ್ಟಿನ ಫ್ಯಾಂಟಮ್ ಪವರಿನಿಂದಲೇ ನಡೆಯುತ್ತವೆ. 1966ರಲ್ಲಿ ಜರ್ಮನಿಯ ನಾಯ್‌ಮನ್ ಸಂಸ್ಥೆ ನಾರ್ವೆಯ ಬಾನುಲಿಗಾಗಿ ಮೈಕುಗಳಿಗೆ ಮಾಡಿಕೊಟ್ಟ ಏರ್ಪಾಡು ಅದು, ಈಗ ಬೇಸಿಗೂ ಒದಗಿಬಂದಿದೆ. ನೀವು ಆರಿಸಿದ ಪೆಡಲ್ ಅದನ್ನು ಬಳಸುತ್ತದೆಯೇ, ಬರಿದೆ ತಾಳಿಕೊಳ್ಳುತ್ತದೆಯೇ, ತಾಳಿಕೊಳ್ಳುವುದೂ ಇಲ್ಲವೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಯೇ ಸಿಕ್ಕಿಸಿ.

ಹಣ ಸಾಲದಿದ್ದರೆ ಇನ್ನೊಂದು ದಾರಿಯೂ ಇದೆ. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಟಿಎಲ್072 ಎಂಬ ಐಸಿ, ಕೆಲವು ರೆಸಿಸ್ಟರು, ಕೆಪಾಸಿಟರುಗಳನ್ನು ತಂದು ನಿಮ್ಮ ಭೌತಶಾಸ್ತ್ರದ ಅಧ್ಯಾಪಕರ ನೆರವಿನಿಂದ ಬ್ಯಾಕ್ಸಂಡಾಲ್ ಮಂಡಲವನ್ನು ನೀವೇ ಕಟ್ಟಬಹುದು. ಒಳಬರುವ ಕಡೆ 10 ಲಕ್ಷ ಓಮಿನ ರೆಸಿಸ್ಟರ್ ಹಾಕಿ, ತಗಡಿನ ಡಬ್ಬಿಯಲ್ಲಿ ಕೂರಿಸಿ, ಡಬ್ಬಿಯನ್ನು ಭೂಸಂಪರ್ಕದ ತಂತಿಗೆ ಸೇರಿಸಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಅದು 50 ಹರ್ಟ್ಸಿನ ಗುಂಗನ್ನು ತಡೆಯುವುದಿಲ್ಲ.