ಬಚ್ಚಲ ನೀರು ಹಿತ್ತಲು ಬಿಟ್ಟು ಬೀದಿಗೆ ಬಂದ ಕಥೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕೇಳಿದರು. ಹಾಲಿನ ಲೆಕ್ಕವನ್ನು ಕಾರ್ಯದರ್ಶಿಯವರು ಹೇಗೂ ಬರೆಯುತ್ತಾರೆ, ನಾವು ನೀರಿನ ಲೆಕ್ಕ ಬರೆಯೋಣ ಎಂದುಕೊಂಡೆವು. ಅದರಲ್ಲೂ ಯಾರೂ ಲೆಕ್ಕಕ್ಕೇ ಹಿಡಿಯದ ಬಚ್ಚಲ ನೀರಿನದು.

ನಾವು ಚಿಕ್ಕವರಿದ್ದಾಗ ಬಚ್ಚಲು ಅಂದರೆ ಹಿತ್ತಲ ಬಾಗಿಲ ಪಕ್ಕ ಒಂದು ಚಪ್ಪಡಿ ಕಲ್ಲು, ಒಲೆ ಮೇಲೆ ಒಂದು ಹಂಡೆ, ಸುತ್ತ ತೆಂಗಿನ ಗರಿಯ ಮರೆ. ಮಿಂದ ನೀರು ಕಲ್ಲಿನಿಂದ ಇಳಿದು ಸಣ್ಣ ಕಾಲುವೆ ಹಿಡಿದು ಬಾಳೆ ಬುಡಕ್ಕೆ, ಅಲ್ಲಿಂದ ಕೆಸುವಿನ ಪಾತಿಗೆ, ಕಡೆಗೆ ತೆಂಗಿನ ಬುಡಕ್ಕೆ ಹೋಗೋದು. ಅಜ್ಜಿ ಬೆಳಿಗ್ಗೆ ಎದ್ದು ಗುದ್ದಲಿಯಲ್ಲಿ ಮಣ್ಣೆಳೆದು ನೀರು ತಿರುಗಿಸೋರು. ಇವತ್ತು ಬಾಳೆಗಾದರೆ ನಾಳೆ ಕರಿಬೇವಿಗೆ.

ಇದನ್ನು ಯಾವ ಇಲಾಖೆಯೂ ಹೇಳಿಕೊಟ್ಟದ್ದಲ್ಲ. ಬಾವಿಯಿಂದ ಸೇದಿ, ಸೊಂಟದ ಮೇಲೊಂದು ತಲೆಯ ಮೇಲೊಂದು ಕೊಡ ಹೊತ್ತು ತರುವವರು ಹೆಂಗಸರು. ಆ ನೀರಿನ ತೂಕ ಅವರಿಗೆ ಗೊತ್ತಿತ್ತು. "ಹೊತ್ತು ತಂದ ನೀರು ಒಂದೇ ಕೆಲಸಕ್ಕೆ ಮುಗೀಬಾರದು ಕಣಪ್ಪ" ಅಂತ ಅಜ್ಜಿ ಹೇಳುತ್ತಿದ್ದರು.

ಆಗಿನ ಬಚ್ಚಲ ನೀರೂ ಬೇರೆ. ತಲೆಗೆ ಸೀಗೆಕಾಯಿ, ಅಂಟುವಾಳ. ಮೈಗೆ ಕಡಲೆಹಿಟ್ಟು, ಹೆಸರುಹಿಟ್ಟು. ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆ 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ ಶುರುವಾಯಿತು. ಆದರೂ ಹಳ್ಳಿಗಳಲ್ಲಿ ಬಹಳ ಕಾಲ ಒಳ್ಳೆ ಸೋಪು ಅಂದರೆ ಹಬ್ಬದ ಸಾಮಾನು. 1980ರ ದಶಕದಲ್ಲಿ ಅಗ್ಗದ ಬಟ್ಟೆ ಪುಡಿ ಪ್ಯಾಕೆಟ್ಟುಗಳು ಬಂದ ಮೇಲೆ ನೊರೆ ಹೆಚ್ಚಾಯಿತು. ಪುಡಿಯಲ್ಲಿರುವ ಸೋಡಾ ಉಪ್ಪು ಒಂದೇ ಜಾಗದಲ್ಲಿ ದಿನಾ ಬಿದ್ದರೆ ಮಣ್ಣು ಗಟ್ಟಿಯಾಗಿ ನೀರು ಕುಡಿಯುವುದಿಲ್ಲ.

ಆಮೇಲೆ ಬೋರ್‌ವೆಲ್ ಬಂತು, ತೊಂಬೆ ಬಂತು, ಮನೆ ಮುಂದೆ ನಲ್ಲಿ ಬಂತು. ಹೆಂಗಸರ ತಲೆ ಮೇಲಿನ ಕೊಡ ಇಳಿಯಿತು. ಇದು ಬಹಳ ದೊಡ್ಡ ಉಪಕಾರ, ಅಲ್ಲವೆನ್ನುವವರು ಕೊಡ ಹೊತ್ತವರಲ್ಲ. ಆದರೆ ತೂಕ ಇಳಿದ ಮೇಲೆ ನೀರಿನ ಬೆಲೆಯೂ ಇಳಿಯಿತು. ಹಿಂದೆಯೇ ಕಾಂಕ್ರೀಟ್ ರಸ್ತೆ, ಸಿಮೆಂಟ್ ಚರಂಡಿ ಬಂದವು. ಹಿತ್ತಲ ನೀರು ಬೀದಿಗೆ ಬಂದು "ಕೊಳಚೆ" ಅಂತ ಹೆಸರು ಪಡೆಯಿತು.

ತಪ್ಪು ನಮ್ಮದೂ ಇದೆ. ನಾವು ಹೊಸ ಮನೆ ಕಟ್ಟಿಸಿದಾಗ ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸಿ ಬಚ್ಚಲ ಪೈಪನ್ನು ಚರಂಡಿಗೆ ಬಿಟ್ಟೆವು. ಚರಂಡಿ ಇಳಿಜಾರಿಲ್ಲದೆ ಕೆಳಗಿನ ಮನೆ ಬಾಗಿಲಲ್ಲಿ ಕಟ್ಟಿ ನಿಂತಿತು. ಆ ಮನೆಯ ಅಜ್ಜಿ ಬಂದು "ನಿಮ್ಮ ಮನೆ ನೀರು ನಮ್ಮ ಬಾಗಿಲಿಗ್ಯಾಕಪ್ಪ?" ಅಂದರೆ, "ಪಂಚಾಯ್ತಿಯವರನ್ನ ಕೇಳಿ" ಅಂದುಬಿಟ್ಟೆವು. ಎರಡು ವರ್ಷ ಎರಡು ಮನೆಗೂ ಮಾತಿಲ್ಲ. ಬೆಳಿಗ್ಗೆ ಸಂಜೆ ಇದೇ ಸಂಘದ ಮುಂದೆ ಹಾಲಿನ ಕ್ಯಾನು ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದೆವು, ಮುಖ ನೋಡುತ್ತಿರಲಿಲ್ಲ. ಸಹಕಾರ ಅನ್ನುವ ಮಾತು ಬೋರ್ಡಿನ ಮೇಲಿತ್ತು.

ಅಷ್ಟರಲ್ಲಿ ನಮ್ಮ ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಅದು ಯಾವ ನೀರು? ಬೆಂಗಳೂರಿನವರು ಮಿಂದು, ತೊಳೆದು, ಬಿಟ್ಟ ನೀರನ್ನೇ ಎರಡು ಹಂತದಲ್ಲಿ ಶುದ್ಧಿ ಮಾಡಿ ಕಳಿಸಿದ್ದು. ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂದು ರೈತರು ಕೇಳಿದರು, ನ್ಯಾಯವಾದ ಮಾತೇ. ಆದರೆ ಬೆಂಗಳೂರಿನ ಬಚ್ಚಲ ನೀರಿಗೆ ಕಾಯುವ ನಾವು ನಮ್ಮ ಮನೆಯದನ್ನು ಚರಂಡಿಗೆ ಬಿಡುತ್ತೇವಲ್ಲ ಎಂದು ನಾಚಿಕೆಯಾಯಿತು.

ಲೆಕ್ಕ ಹಾಕಿದೆವು. ಐದು ಜನರ ಮನೆ, ಒಬ್ಬರಿಗೆ 20 ಲೀಟರಿನ ಒಂದು ಬಕೆಟ್ಟು. ದಿನಕ್ಕೆ 100 ಲೀಟರು, ವರ್ಷಕ್ಕೆ 36,500 ಲೀಟರು. ಆರು ಸಾವಿರ ಲೀಟರಿನ ಟ್ಯಾಂಕರು ಆರು ಲೋಡು! ಮಾರನೇ ದಿನವೇ ಸಿಮೆಂಟ್ ಒಡೆಸಿ, ಪೈಪು ತಿರುಗಿಸಿ, ಬಾಳೆ ಪಾತಿ ಮಾಡಿದೆವು. ಕೆಳಗಿನ ಮನೆ ಬಾಗಿಲು ಒಣಗಿತು. ಅಜ್ಜಿ ಏನೂ ಅನ್ನಲಿಲ್ಲ. ಮುಂದಿನ ವರ್ಷ ಹಾಲು ಹಾಕಲು ಬಂದಾಗ "ಒಂದು ಬಾಳೆ ಕಂದು ಇದ್ರೆ ಕೊಡಪ್ಪ" ಅಂದರು. ಎರಡು ಕೊಟ್ಟೆವು.

ಅನುಭವದಿಂದ ಕಲಿತ ನಾಲ್ಕು ಮಾತು. ಅಂದಿನ ನೀರು ಅಂದೇ ಮಣ್ಣಿಗೆ ಹೋಗಬೇಕು, ತೊಟ್ಟಿಯಲ್ಲಿ ನಿಲ್ಲಿಸಿದರೆ ನಾರುತ್ತದೆ, ಸೊಳ್ಳೆಯಾಗುತ್ತದೆ. ಅಜ್ಜಿ ಮಾಡುತ್ತಿದ್ದಂತೆ ಪಾತಿ ಬದಲಿಸುತ್ತಿರಬೇಕು. ಬಾಳೆ, ತೆಂಗು, ಕರಿಬೇವು, ನುಗ್ಗೆಗೆ ಬುಡಕ್ಕೆ ಬಿಡಬಹುದು. ಕೊತ್ತಂಬರಿ, ಮೂಲಂಗಿಯಂಥ ಹಸಿ ತಿನ್ನುವುದಕ್ಕೆ ಬೇಡ. ಬಟ್ಟೆ ಪುಡಿಯ ಮೊದಲ ನೀರು, ಫಿನಾಯಿಲು, ಬ್ಲೀಚಿಂಗ್ ಪುಡಿ ಬೆರೆತ ನೀರು, ಪಾಯಿಖಾನೆ ನೀರು ಗಿಡಕ್ಕೆ ಬೇಡವೇ ಬೇಡ. ಹಿತ್ತಲಿಲ್ಲದವರು ಇಂಗುಗುಂಡಿ ತೋಡಬಹುದು. ಉದ್ಯೋಗ ಖಾತರಿಯಲ್ಲಿ "ಬಚ್ಚಲು ಗುಂಡಿ" ಎಂದು ತೋಡಿಸಿದ್ದು ಇದನ್ನೇ.

ಕಡೆಯದಾಗಿ, ನಮ್ಮ ಸಂಘದ ಕ್ಯಾನು ತೊಳೆದ ನೀರು ಇವತ್ತಿಗೂ ಬೀದಿ ಚರಂಡಿಗೇ ಹೋಗುತ್ತಿದೆ. ಸೋಡಾ ಹಾಕಿ ತೊಳೆದದ್ದು ಬಿಟ್ಟು, ಕಡೆಯ ಸಲ ಜಾಲಿಸಿದ ನೀರನ್ನಾದರೂ ಸಂಘದ ಹಿಂದೆ ನಾಲ್ಕು ತೆಂಗಿನ ಸಸಿ ನೆಟ್ಟು ಅವುಗಳಿಗೆ ತಿರುಗಿಸೋಣ ಎಂದು ಈ ಬೆಳ್ಳಿ ಹಬ್ಬದ ವರ್ಷದ ಮಹಾಸಭೆಯಲ್ಲಿ ಕೇಳುವವರಿದ್ದೇವೆ. ಸದಸ್ಯ ಬಾಂಧವರು ಕೈ ಎತ್ತಿ ಒಪ್ಪಿಗೆ ಕೊಡಬೇಕೆಂದು ಕೋರುತ್ತೇವೆ.