ಹರ್ನ್ ಮಾಸ್ತರರ ಪಗಾರ

ಹೊರದೇಶದ ಮಾಸ್ತರರ ವಿಷಯ ಎತ್ತಿದರೆ ಜಪಾನಿನಲ್ಲಿ ಮೊದಲು ಬರುವುದು ಪಗಾರದ ಮಾತು. ಇದು ಇವತ್ತಿನದಲ್ಲ, ಮೇಜಿ ಕಾಲದ್ದು. ಆಗಿನ ಸರ್ಕಾರ ರೈಲು ಹಾಕುವುದರಿಂದ ಹಿಡಿದು ರಸಾಯನಶಾಸ್ತ್ರ ಕಲಿಸುವವರೆಗೆ ಎಲ್ಲಕ್ಕೂ ಅಮೆರಿಕ, ಯೂರೋಪಿನವರನ್ನು ಕರಾರಿನ ಮೇಲೆ ಕರೆಸಿತು. ವಿಲಿಯಂ ಗ್ರಿಫಿಸ್ 1871ರಲ್ಲಿ ಫುಕುಯಿಗೆ ಬಂದರು. ವಿಲಿಯಂ ಕ್ಲಾರ್ಕ್ 1876ರಲ್ಲಿ ಸಪ್ಪೊರೊದ ಕೃಷಿ ಕಾಲೇಜಿಗೆ ಬಂದು ವರ್ಷ ತುಂಬುವ ಮೊದಲೇ ಹೊರಟರು. ಆದರೂ ಅಲ್ಲಿನ ಅವರ ಪ್ರತಿಮೆಯ ಮುಂದೆ ಅದರಂತೆಯೇ ಕೈ ಚಾಚಿ ಫೋಟೊ ತೆಗೆಸಿಕೊಳ್ಳುವವರು ಇವತ್ತಿಗೂ ಇದ್ದಾರೆ. ದುಡ್ಡು ಕೊಟ್ಟು ಕರೆಸು, ಕಲಿತುಕೋ, ಮರ್ಯಾದೆಯಿಂದ ಕಳಿಸಿಕೊಡು: ಲೆಕ್ಕ ಇಷ್ಟೇ. ಹೋಗದೆ ಉಳಿದುಬಿಟ್ಟು ಆ ಲೆಕ್ಕ ಕೆಡಿಸಿದವರಲ್ಲಿ ಲಫ್ಕಾಡಿಯೊ ಹರ್ನ್ ಒಬ್ಬರು.

ಅವರು ಪಾಠ ಹೇಳಿದ ಮತ್ಸುಯೆ ಊರಿನಲ್ಲೇ ನಾನೂ ಇಂಗ್ಲಿಷ್ ಹೇಳಿಕೊಡುತ್ತೇನೆ. ಬಾಗಿಲಲ್ಲಿ ಬೂಟು ಬಿಚ್ಚಿ ಗೂಡಿನಲ್ಲಿಟ್ಟು, ಒಳಗೆ ಮೆಟ್ಟುವ ಚಪ್ಪಲಿ ಹಾಕಿಕೊಂಡು, ಟೀಚರ್ಸ್ ರೂಮಿನಲ್ಲಿ ಎದುರುಬದುರು ಜೋಡಿಸಿದ ಮೇಜುಗಳ ಸಾಲಿನ ತುದಿಗೆ ಕೂರುತ್ತೇನೆ. ಮಧ್ಯಾಹ್ನದ ಊಟ ಮಕ್ಕಳ ಜೊತೆಗೇ. ಆಮೇಲೆ ಅವರು ಶಾಲೆಯ ನೆಲ ಒರೆಸುವಾಗ ನಾನೂ ಒಂದು ಬಟ್ಟೆ ಹಿಡಿಯುತ್ತೇನೆ. ಧಾರವಾಡದಿಂದ ಅವ್ವ ಫೋನಿನಲ್ಲಿ ನಗುತ್ತಾಳೆ: "ಮನ್ಯಾಗ ಒಂದಿನಾ ಕಸಬರಗಿ ಮುಟ್ಟಿದಾಕಿ ಅಲ್ಲ, ಅಲ್ಲಿ ಹೋಗಿ ಸಾಲಿ ನೆಲಾ ಒರಸ್ತೀಯೇನು?"

ಹರ್ನ್ ಹುಟ್ಟಿದ್ದು 1850ರಲ್ಲಿ, ಅಯೋನಿಯನ್ ಸಮುದ್ರದ ಲೆಫ್ಕಾಡ ದ್ವೀಪದಲ್ಲಿ. ತಾಯಿ ಗ್ರೀಕರು, ತಂದೆ ಐರ್ಲೆಂಡಿನವರು, ಸೈನ್ಯದ ಡಾಕ್ಟರು. ಎಡಗಣ್ಣು ಶಾಲೆಯ ದಿನಗಳಲ್ಲೇ ಹೋಯಿತು. ಅಮೆರಿಕದ ಸಿನ್ಸಿನಾಟಿ, ನ್ಯೂ ಆರ್ಲಿಯನ್ಸ್‌ಗಳಲ್ಲಿ ಪತ್ರಿಕೆಗಳಿಗೆ ದುಡಿದವರು. 1890ರ ಏಪ್ರಿಲ್‌ನಲ್ಲಿ ಯೊಕೊಹಾಮಾದಲ್ಲಿ ಇಳಿದದ್ದೂ ಬರೆಯುವ ಕೆಲಸಕ್ಕೆಂದೇ. ಕಳಿಸಿದವರೊಂದಿಗಿನ ಸಂಬಂಧ ಬೇಗನೆ ಮುರಿಯಿತು. ಕೈ ಬರಿದಾದಾಗ ಜಪಾನಿ ಭಾಷೆಯ ವಿದ್ವಾಂಸ ಬಾಸಿಲ್ ಹಾಲ್ ಚೇಂಬರ್ಲೇನ್ ಮುಂತಾದವರ ನೆರವಿನಿಂದ ಮತ್ಸುಯೆಯ ಮಿಡ್ಲ್ ಸ್ಕೂಲು ಮತ್ತು ಮಾಸ್ತರರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೆ 100 ಯೆನ್. ಆಗಸ್ಟ್ ಕೊನೆಗೆ ಊರು ಸೇರಿದರು.

1894ರಲ್ಲಿ ಬಂದ ಪುಸ್ತಕದಲ್ಲಿ ಅವರು ತಮ್ಮ ಮಾಸ್ತರಿಕೆಯ ದಿನಚರಿಗೇ ಒಂದು ಅಧ್ಯಾಯ ಕೊಟ್ಟಿದ್ದಾರೆ. ಕಾಲುವೆ ಪಕ್ಕದ ಬಯಲಿನಲ್ಲಿ ನೀಲಿಬೂದು ಬಣ್ಣ ಬಳಿದ ಎರಡಂತಸ್ತಿನ ಮರದ ಕಟ್ಟಡ, ಅದೇ ಮಿಡ್ಲ್ ಸ್ಕೂಲು. ಕೆಲವು ದಿನ ಇಲ್ಲಿ, ಕೆಲವು ದಿನ ಎದುರಿನ ನಾರ್ಮಲ್ ಸ್ಕೂಲಿನಲ್ಲಿ ಪಾಠ. ಜಪಾನಿ ಭಾಷೆ ಬಾರದ ಈ ಹೊಸಬರಿಗೆ ಯಾವ ತಾಸು, ಯಾವ ಪುಸ್ತಕ ಎಂದು ಹೇಳಿಕೊಟ್ಟು ಕೈಹಿಡಿದು ನಡೆಸಿದವರು ನಿಶಿದಾ ಸೆಂತಾರೊ ಎಂಬ ಹಿರಿಯ ಶಿಕ್ಷಕರು. ಪ್ರತಿ ಶಾಲೆಯಲ್ಲೂ ಇಂಥ ಒಬ್ಬರಿರುತ್ತಾರೆ. ಅವರಿಲ್ಲದಿದ್ದರೆ ನಾನು ಮೊದಲ ವಾರದಲ್ಲೇ ಗಂಟುಮೂಟೆ ಕಟ್ಟುತ್ತಿದ್ದೆ.

ಹುಡುಗರು ಹರ್ನ್‌ರ ಮನೆಗೂ ಬರುತ್ತಿದ್ದರು. ಹೆಚ್ಚು ಮಾತಿಲ್ಲ, ಕೂತಿದ್ದು ಹೋಗುತ್ತಿದ್ದರು. ಚಕ್ರವರ್ತಿಯ ಚಿತ್ರಕ್ಕೆ ತಲೆಬಾಗುವುದನ್ನು ಇನ್ನೊಬ್ಬ ವಿದೇಶಿ ಹೀಗಳೆದದ್ದನ್ನು ಕೇಳಿದ್ದ ಒಬ್ಬ ಹುಡುಗ, ನೀವೇನು ಹೇಳುತ್ತೀರಿ ಎಂದು ಕೇಳಿದ. ಹರ್ನ್ ಆ ವಿದೇಶಿಯ ಪಕ್ಷ ವಹಿಸಲಿಲ್ಲ. ಎಳೆಯ ವಯಸ್ಸಿನಲ್ಲೇ ಸತ್ತ ಶಿಷ್ಯರ ಬಗ್ಗೆ ಅವರು ಬರೆದ ಪುಟಗಳನ್ನು ಓದಿದಾಗ ನನಗೆ ಹಾಜರಿ ಪುಸ್ತಕದ ಖಾಲಿ ಚೌಕಗಳೇ ಕಾಣುತ್ತವೆ.

ಒಂದೇ ಕಣ್ಣು, ಅದರಲ್ಲೂ ದೃಷ್ಟಿ ಮಂದ. ಆದ್ದರಿಂದಲೋ ಏನೋ, ಅವರ ಮತ್ಸುಯೆಯಲ್ಲಿ ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು ಜೀವಂತವಾಗಿದೆ. ಬೆಳಗಿನ ಮೊದಲ ಸದ್ದು ಅಕ್ಕಿ ಥಳಿಸುವ ಭಾರೀ ಒನಕೆಯದು. ಉದ್ದನೆಯ ಹಿಡಿಯ ತುದಿಯನ್ನು ಕಾಲಿನಿಂದ ತುಳಿದು ಎತ್ತಿ ಬಿಡುವಂಥದು. ಆಮೇಲೆ ದೇವಾಲಯದ ಗಂಟೆ, ಕೂಗಿ ಮಾರುವವರ ದನಿ, ಹೊಳೆಯ ದಂಡೆಯಲ್ಲಿ ಸೂರ್ಯನ ಕಡೆ ಮುಖ ಮಾಡಿ ನಾಲ್ಕು ಸಲ ಚಪ್ಪಾಳೆ ತಟ್ಟಿ ಕೈಮುಗಿಯುವವರು. ಇಜುಮೊದ ಮಹಾಮಂದಿರದಲ್ಲಿ ಈಗಲೂ ನಾಲ್ಕೇ ಚಪ್ಪಾಳೆ, ಬೇರೆಡೆ ಹೆಚ್ಚಾಗಿ ಎರಡು.

ಆ ಚಳಿಗಾಲ ಹಿಮ ಸುರಿಯಿತು, ಮಾಸ್ತರರು ಹಾಸಿಗೆ ಹಿಡಿದರು. ಮನೆ ನೋಡಿಕೊಳ್ಳಲು ಕೊಯಿಜುಮಿ ಸೆತ್ಸು ಬಂದರು, ಕೈ ಬರಿದಾದ ಸಾಮುರಾಯ್ ಮನೆತನದ ಮಗಳು. ಮುಂದೆ ಹೆಂಡತಿಯಾದರು. ವಿಭಕ್ತಿ ಪ್ರತ್ಯಯಗಳನ್ನೆಲ್ಲ ಕಳಚಿಟ್ಟ, ಅವರಿಬ್ಬರಿಗೇ ತಿಳಿಯುವ ಒಂದು ಜಪಾನಿಯಲ್ಲಿ ಸಂಸಾರ ಸಾಗಿತು. ಚಿಲುಮೆಗೆ ಬೆಂಕಿ ಬೇಕಾದರೆ ಯಜಮಾನರು ಶಂಖ ಊದುತ್ತಿದ್ದರಂತೆ. ಸೆತ್ಸು ಹೇಳಿದ ದೆವ್ವದ ಕಥೆಗಳೇ 1904ರ 'ಕ್ವೈದಾನ್' ಪುಸ್ತಕದ ಬೇರು. ಹರ್ನ್‌ರ ಎತ್ತರದ ಬರೆಯುವ ಮೇಜು ಇಲ್ಲಿನ ಸ್ಮಾರಕ ಸಂಗ್ರಹಾಲಯದಲ್ಲಿ ನೋಡಲು ಸಿಗುತ್ತದೆ. ಕಾಗದ ಕಣ್ಣಿಗೆ ಹತ್ತಿರವಾಗಲೆಂದು ಮಾಡಿದ್ದು.

ಮತ್ಸುಯೆಯ ಜನ ಅವರನ್ನು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ, ಆದರೆ ಅವರು ಇಲ್ಲಿದ್ದದ್ದು ಒಂದು ವರ್ಷ ಚಿಲ್ಲರೆ. 1891ರ ನವೆಂಬರ್‌ನಲ್ಲಿ ಕುಮಾಮೊತೊದ ಒಂದು ಶಾಲೆಗೆ ಹೋದರು. ಅಲ್ಲಿ 200 ಯೆನ್. ಜೂಡೊ ಕಟ್ಟಿದ ಕಾನೊ ಜಿಗೊರೊ ಆಗ ಅಲ್ಲಿನ ಪ್ರಿನ್ಸಿಪಾಲರು. ಆದರೂ ಹರ್ನ್‌ಗೆ ಆ ಊರು ಹಿಡಿಸಲಿಲ್ಲ. ಬಿಡುವಿನಲ್ಲಿ ಶಾಲೆಯ ಹಿಂದಿನ ಗುಡ್ಡದ ಕಲ್ಲಿನ ಬುದ್ಧನ ಹತ್ತಿರ ಹೋಗಿ ಕೂರುತ್ತಿದ್ದರು. ಇಲ್ಲಿ ನಾನು ಅವರ ಪಕ್ಷವಲ್ಲ. ಬೆಳೆಯುವ ಊರನ್ನು ಬೆಳೆದ ತಪ್ಪಿಗೆ ಬೈಯುವ ಹಠ ಅವರಿಗೆ ಕೊನೆತನಕ ಹೋಗಲಿಲ್ಲ.

ಮಗ ಹುಟ್ಟಿದ ಮೇಲೆ ಕಾನೂನಿನ ತೊಡಕು ಎದುರಾಯಿತು. ಸೆತ್ಸು ಬ್ರಿಟಿಷ್ ಪ್ರಜೆಯ ಹೆಂಡತಿಯಾಗಿ ದಾಖಲಾದರೆ ಅವರ ಜಪಾನಿ ಪೌರತ್ವವೇ ಹೋಗುತ್ತಿತ್ತು. ಹೀಗಾಗಿ 1896ರಲ್ಲಿ ಗಂಡನೇ ಹೆಂಡತಿಯ ಮನೆತನ ಸೇರಿ ಕೊಯಿಜುಮಿ ಯಕುಮೊ ಎಂಬ ಜಪಾನಿ ಪ್ರಜೆಯಾದರು. ಅದೇ ವರ್ಷ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯ ಕರೆದು ತಿಂಗಳಿಗೆ 400 ಯೆನ್ ಕೊಟ್ಟಿತು. ಜಪಾನಿ ಪ್ರಜೆಗೆ ವಿದೇಶಿಯ ಪಗಾರ! ಪಗಾರ ಕೊಡುತ್ತಿದ್ದದ್ದು ಪಾಠಕ್ಕಲ್ಲ, ಪರಕೀಯತೆಗೆ ಎಂಬುದು ಇಲ್ಲಿ ಬಯಲಾಗುತ್ತದೆ.

ಇದಕ್ಕೆ ಇನ್ನೊಂದು ಸಾಕ್ಷಿ ಕಾದಂಬರಿಕಾರ ನತ್ಸುಮೆ ಸೋಸೆಕಿ. 1895ರಲ್ಲಿ ಅವರು ಮತ್ಸುಯಾಮದ ಮಿಡ್ಲ್ ಸ್ಕೂಲಿಗೆ ಸೇರಿದಾಗ ಸಿಕ್ಕ ಪಗಾರ 80 ಯೆನ್, ಹೆಡ್‌ಮಾಸ್ತರರಿಗೆ 60. ಅವರು ಕೂತದ್ದು ಅಮೆರಿಕನ್ ಮಾಸ್ತರರು ಬಿಟ್ಟುಹೋದ ಕುರ್ಚಿಯಲ್ಲಿ. ಮುಂದೆ ಕುಮಾಮೊತೊದಲ್ಲಿ ಹರ್ನ್ ಇದ್ದ ಶಾಲೆಯಲ್ಲೇ ಪಾಠ ಮಾಡಿದರು, ಆಮೇಲೆ ಲಂಡನ್ನಿಗೆ ಓದಲು ಹೋದರು.

1903ರಲ್ಲಿ ವಿಶ್ವವಿದ್ಯಾಲಯ ಹರ್ನ್‌ರ ಕರಾರು ನವೀಕರಿಸಲಿಲ್ಲ. ಹುಡುಗರು ಗಲಾಟೆ ಎಬ್ಬಿಸಿದ ಮೇಲೆ ಕಡಿಮೆ ತಾಸು, ಕಡಿಮೆ ಪಗಾರ ಎಂಬ ಮಾತು ಬಂತು; ಮಾಸ್ತರರು ಒಪ್ಪಲಿಲ್ಲ. ಜಾಗಕ್ಕೆ ಮೂವರು ಬಂದರು: ಉಯೆದಾ ಬಿನ್, ಆರ್ಥರ್ ಲಾಯ್ಡ್, ಮತ್ತು ಲಂಡನ್ನಿನಿಂದ ಮರಳಿದ ಸೋಸೆಕಿ. ವಿಶ್ವವಿದ್ಯಾಲಯ ಸೋಸೆಕಿಗೆ ಕೊಟ್ಟದ್ದು ವರ್ಷಕ್ಕೆ 800 ಯೆನ್, ಹರ್ನ್‌ರ ಎರಡು ತಿಂಗಳ ಪಗಾರ. ಕವಿತೆಯನ್ನು ಮನಸ್ಸಿಗೆ ಇಳಿಸುತ್ತಿದ್ದ ಮಾಸ್ತರರ ನಂತರ ಬಂದ ಸೋಸೆಕಿಯ ಶಾಸ್ತ್ರೀಯ ಪಾಠ ಹುಡುಗರಿಗೆ ಮೊದಮೊದಲು ರುಚಿಸಲಿಲ್ಲ. ಹರ್ನ್ 1904ರಲ್ಲಿ ವಾಸೆದಾ ಎಂಬ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಪಾಠ ಶುರುಮಾಡಿದವರು ಸೆಪ್ಟೆಂಬರ್ 26ರಂದು ತೀರಿಕೊಂಡರು. ಸೋಸೆಕಿ 1907ರಲ್ಲಿ ಇಂಪೀರಿಯಲ್ ವಿಶ್ವವಿದ್ಯಾಲಯಕ್ಕೆ ಕೈಮುಗಿದು, ಹರ್ನ್ ಯಾವ ಕೆಲಸ ಬಿಟ್ಟು ಮಾಸ್ತರರಾಗಿದ್ದರೋ ಆ ಪತ್ರಿಕೆಯ ಕೆಲಸಕ್ಕೇ ಹೋಗಿ ಸೇರಿದರು: ಅಸಾಹಿಯಲ್ಲಿ, ಇನ್ನೂ ಒಳ್ಳೆಯ ಪಗಾರಕ್ಕೆ.