ಯಯಾತಿಯಿಂದ ಹಯವದನಕ್ಕೆ: ಕಾರ್ನಾಡರ ಮೊದಲ ಹತ್ತು ವರ್ಷ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠದ ಬಗ್ಗೆ 1162ರ ಶಾಸನವೊಂದಿದೆ. ಮಠದಲ್ಲಿ ನಡೆಯುತ್ತಿದ್ದ ಅಧ್ಯಯನಗಳನ್ನು ಹೆಸರಿಸುವ ಅದರಲ್ಲಿ ವ್ಯಾಕರಣ, ದರ್ಶನ, ಪುರಾಣಗಳ ಜೊತೆ ಕಾವ್ಯವೂ ನಾಟಕವೂ ಸೇರಿವೆ. ಇಪ್ಪತ್ತನೆಯ ಶತಮಾನದ ನಡುವಿಗೆ ಈ ಸೀಮೆಯಲ್ಲಿ ನಾಟಕದ ಆ ಪಾಠ ಯಕ್ಷಗಾನ ಮೇಳದ ಬಯಲಿಗೂ ನಾಟಕ ಕಂಪನಿಗಳ ರಂಗಮಂದಿರಕ್ಕೂ ಸೇರಿತ್ತು. ಅಲ್ಲಿ ಕಲಿತವರಲ್ಲಿ ನಾಟಕಕಾರ ಗಿರೀಶ ಕಾರ್ನಾಡರೂ ಒಬ್ಬರು.

ಊರಿಂದೂರಿಗೆ ಅವರ ವಲಸೆ ಮುಂದೆ ಓದಲು ಹೋದ ಆಕ್ಸ್‌ಫರ್ಡಿನಿಂದ ಶುರುವಾದದ್ದಲ್ಲ. 1938ರಲ್ಲಿ ಹುಟ್ಟಿದ್ದು ಮಾಥೇರಾನಿನಲ್ಲಿ, ಮನೆಮಾತು ಕೊಂಕಣಿ, ತಂದೆ ವೈದ್ಯರು. ಬಾಲ್ಯ ಕಳೆದದ್ದು ಶಿಕಾರಿಪುರದ ನೆರೆಯ ಸೊರಬಕ್ಕೆ ತಾಗಿಕೊಂಡ ಶಿರಸಿಯಲ್ಲಿ. ಮಲೆನಾಡು ಒಂದೇ ಆದರೂ ಆಡಳಿತ ಬೇರೆ: ಸೊರಬ, ಶಿಕಾರಿಪುರಗಳು ಮೈಸೂರಿಗೆ, ಶಿರಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಅವು ಒಂದೇ ರಾಜ್ಯಕ್ಕೆ ಬಂದದ್ದು 1956ರಲ್ಲಿ.

ಶಿರಸಿಯಲ್ಲಿ ಹುಡುಗ ಎರಡು ಬಗೆಯ ರಂಗಭೂಮಿ ಕಂಡ. ಒಂದು, ಬಣ್ಣದ ಪರದೆ, ಸೈಡ್‌ವಿಂಗು, ಪೆಟ್ರೋಮ್ಯಾಕ್ಸ್ ಬೆಳಕಿನ ಕಂಪನಿ ನಾಟಕ. ಇನ್ನೊಂದು, ಕೊಯ್ಲು ಮುಗಿದ ಮೇಲೆ ಮನೆಯ ಆಳುಗಳ ಜೊತೆ ಕೂತು ಪಂಜಿನ ಬೆಳಕಿನಲ್ಲಿ ನೋಡಿದ ಯಕ್ಷಗಾನ. ಮುಂದೆ ಮುಂಬಯಿಯಲ್ಲಿ ಇಬ್ರಾಹಿಂ ಅಲ್ಕಾಜಿ ನಿರ್ದೇಶಿಸಿದ ಸ್ಟ್ರಿಂಡ್‌ಬರ್ಗನ ‘ಮಿಸ್ ಜೂಲಿ’ ನೋಡಿ ಅವರು ಬೆಚ್ಚಿದರು. ರಂಗದ ಮೇಲೆ ಮನುಷ್ಯರ ಒಳಗನ್ನು ಇಷ್ಟು ನಿರ್ದಯವಾಗಿ ಬಿಚ್ಚಿಡಬಹುದೆಂಬುದು ಅವರಿಗೆ ಹೊಸದು.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ ಅವರಿಗೆ ಇಂಗ್ಲಿಷ್ ಕವಿಯಾಗುವ ಹಂಬಲವಿತ್ತು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಇಂಗ್ಲೆಂಡಿಗೆ ಹೊರಡುವ ತಯಾರಿ ನಡೆದಾಗ ಮಾತ್ರ ಬರೆದದ್ದು ಕನ್ನಡದಲ್ಲಿ, ಅದೂ ನಾಟಕ. ಮಗ ಅಲ್ಲೇ ಉಳಿದುಬಿಟ್ಟರೆ ಎಂಬ ಆತಂಕ ಮನೆಯಲ್ಲಿತ್ತು. ತಂದೆಯ ಮುಪ್ಪನ್ನು ಮಗ ಹೊರುವ ಯಯಾತಿಯ ಕಥೆ ಆ ಹೊತ್ತಿಗೆ ಒದಗಿದ್ದು ಆಕಸ್ಮಿಕವಲ್ಲ. ಹಿರಿಯರು ಕೇಳುವ ತ್ಯಾಗದ ಪ್ರಶ್ನೆ ಎರಡು ಕಡೆಯೂ ಇದೆ. ಆ ಮಗ ಪುರುವಿನ ಹೆಂಡತಿ ಚಿತ್ರಲೇಖೆ ಕಾರ್ನಾಡರದೇ ಸೃಷ್ಟಿ. ಗಂಡನ ತ್ಯಾಗವನ್ನು ಒಪ್ಪದ ಅವಳ ಸಾವಿನಲ್ಲಿ ಆ ಪ್ರಶ್ನೆ ಹರಿತವಾಗುತ್ತದೆ.

‘ಯಯಾತಿ’ಯನ್ನು 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ಲೇಖಕ ಆಗ ಆಕ್ಸ್‌ಫರ್ಡಿನಲ್ಲಿದ್ದರು. 1963ರಲ್ಲಿ ಅಲ್ಲಿನ ವಿದ್ಯಾರ್ಥಿ ಚರ್ಚಾಸಂಘ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದರು. ಕಥೆ ಮಹಾಭಾರತದ್ದಾದರೂ ನಾಟಕದ ಕಟ್ಟಡಕ್ಕೆ ತಾವು ಋಣಿಯಾದದ್ದು ಪಶ್ಚಿಮದ ನಾಟಕಕಾರರಾದ ಅನೂಯಿ, ಸಾರ್ತ್ರ, ಓನೀಲ್ ಮತ್ತು ಗ್ರೀಕರಿಗೆ ಎಂದು ಅವರೇ ಒಪ್ಪಿದ್ದಾರೆ. ಶಿರಸಿಯಲ್ಲಿ ಕಂಡ ಯಕ್ಷಗಾನದ ಆಟದ ರೀತಿಗೆ ಅದರಲ್ಲಿ ಜಾಗವಿರಲಿಲ್ಲ.

ದೇಶಕ್ಕೆ ಮರಳಿದ ಮೇಲೂ ಆ ರೀತಿ ಅವರ ನಾಟಕಕ್ಕೆ ತಕ್ಷಣ ಬರಲಿಲ್ಲ. 1963ರಿಂದ 1970ರವರೆಗೆ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ನೌಕರಿ. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕಗಳಿಲ್ಲವೆಂಬ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಮಾತೇ ಸವಾಲಾಗಿ 1964ರಲ್ಲಿ ‘ತುಘಲಕ್’ ಬಂತು. ಅದರಲ್ಲಿ ಪರದೆಯ ಮುಂದೆ ನಡೆಯುವ ಆಳವಿಲ್ಲದ ದೃಶ್ಯಕ್ಕೂ ರಂಗದ ಪೂರ್ತಿ ಆಳ ಬಳಸುವ ದೃಶ್ಯಕ್ಕೂ ಸರದಿ ಕೊಡುವ ಕಂಪನಿ ನಾಟಕದ ಜಾಣ್ಮೆಯನ್ನು ಅವರು ಬಳಸಿಕೊಂಡರು. ಯಕ್ಷಗಾನದ ಸರದಿ ಬಂದದ್ದು 1971ರ ‘ಹಯವದನ’ದಲ್ಲಿ: ಗಣಪತಿ ಸ್ತುತಿ, ಕಥೆ ನಡೆಸುವ ಭಾಗವತ, ಇಬ್ಬರು ಹಿಡಿಯುವ ತೆರೆ.